ಪೆಟ್ಟಿಗೆಗೆ ಹೋದ ಹಮ್ಮಬ್ಬಣ್ಣನ ಸ್ವರ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಹುಡುಕುವ ಕಷ್ಟ ಬೇಡ. ಬಂಟ್ವಾಳ–ಬೆಳ್ತಂಗಡಿ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದ ಕಂಡಕ್ಟರ್ ಹಮ್ಮಬ್ಬಣ್ಣನ ಕೆಲಸ ಹೋದದ್ದು ನನ್ನ ಗಂಟಲಿನಿಂದ. ನಾನು ಅವರ ಮೇಲೆ ಚಾಡಿ ಹೇಳಲಿಲ್ಲ, ಸುಳ್ಳು ಸಾಕ್ಷಿಯೂ ನುಡಿಯಲಿಲ್ಲ. ಅವರ ಹಾಗೆ ಕೂಗಿದೆ, ಅಷ್ಟೇ. ಚೆನ್ನಾಗಿಯೇ ಕೂಗಿದೆ. ತೊಂದರೆ ಆದದ್ದೂ ಅದರಿಂದಲೇ.

ಹಮ್ಮಬ್ಬಣ್ಣನಿಗೆ ದೇಹಕ್ಕಿಂತ ಸ್ವರ ದೊಡ್ಡದು. ಒಣಗಿದ ನುಗ್ಗೆಕಾಯಿಯಂಥ ಮನುಷ್ಯ. ಖಾಕಿ ಅಂಗಿಯೊಳಗೆ ಇನ್ನೊಬ್ಬರಿಗೆ ಧಾರಾಳ ಜಾಗವಿತ್ತು. ಆದರೆ ಫುಟ್‌ಬೋರ್ಡಿನಲ್ಲಿ ನಿಂತು "ವಗ್ಗ, ವಗ್ಗ, ವಗ್ಗಾ" ಎಂದರೆ ಸ್ಟಾಪಿನಲ್ಲಿ ನಿಂತವರಿಗೆ ಹಾರ್ನಿಗಿಂತ ಮೊದಲು ಅದೇ ಕೇಳುತ್ತಿತ್ತು. ಸ್ಟಾಪು ಬಂದ ಮೇಲೆ ಹೆಸರು ಹೇಳುವ ಕಂಡಕ್ಟರುಗಳನ್ನು ಅವರು ಕಂಡಕ್ಟರೆಂದೇ ಎಣಿಸುತ್ತಿರಲಿಲ್ಲ. ಹಿಂದಿನ ತಿರುವಿನಲ್ಲಿಯೇ ಹೇಳಬೇಕು. ಮಗುವನ್ನು ಎತ್ತಿಕೊಳ್ಳಲಿಕ್ಕೆ, ಚೀಲ ಹುಡುಕಲಿಕ್ಕೆ, ಕೊಡೆ ಮರೆತದ್ದು ನೆನಪಾಗಲಿಕ್ಕೆ ಜನರಿಗೆ ಹೊತ್ತು ಬೇಕು.

"ಚಿಲ್ಲರೆ ತಪ್ಪಿ ಕೊಟ್ರೆ ನಾಳೆ ಸರಿ ಮಾಡಬಹುದು ಮಾರಾಯ," ಎನ್ನುತ್ತಿದ್ದರು. "ತಪ್ಪು ಜಾಗದಲ್ಲಿ ಇಳಿಸಿದ್ರೆ ಬಸ್ಸು ಹಿಂದೆ ಬರ್ತದಾ?"

ಕೂಗುವುದರಲ್ಲಿಯೂ ಅವರಿಗೆ ಲೆಕ್ಕಾಚಾರವಿತ್ತು. ಊರಿಗೆಲ್ಲ ಒಂದು ಕೂಗು, ಮನುಷ್ಯರಿಗೆ ಬೇರೆ ಕೂಗು. ಶಾಲೆ ಮಕ್ಕಳಿಗೆ "ಚೀಲ ಮುಂದೆ, ತಲೆ ಒಳಗೆ." ಕುಡಿದು ಹತ್ತಿದವರಿಗೆ "ನಿಮ್ಮ ಸ್ಟಾಪು ನನಗೆ ಗೊತ್ತುಂಟು, ನೀವು ಮಲಗಿ." ಗಿರಿಜಕ್ಕ ಎಂಬ ಒಬ್ಬರಿಗೆ ಮಾತ್ರ ಸ್ವರವನ್ನು ಅರ್ಧಕ್ಕೆ ಇಳಿಸಿ, "ಡೈರಿ... ಡೈರಿ... ಮೆಲ್ಲ ಅಕ್ಕಾ, ಮೆಲ್ಲ" ಎನ್ನುತ್ತಿದ್ದರು.

ಗಿರಿಜಕ್ಕ ಬೀಡಿ ಕಟ್ಟುವವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಬೆಳಕು ಮತ್ತು ನೆರಳು ಮಾತ್ರ ಉಳಿದಿತ್ತು. ಬೀಡಿಗೆ ಕಣ್ಣು ಬೇಡ, ಬೆರಳು ಸಾಕು. ಅವರ ಕಟ್ಟುಗಳನ್ನು ಬೀಡಿ ಕಂಪೆನಿಯ ಬ್ರಾಂಚಿನವರು ಬಿಚ್ಚಿ ನೋಡುತ್ತಲೂ ಇರಲಿಲ್ಲವಂತೆ. ಶನಿವಾರಕ್ಕೊಮ್ಮೆ ಪುಂಜಾಲಕಟ್ಟೆಯ ಬ್ರಾಂಚಿಗೆ ಬೀಡಿ ಕೊಟ್ಟು, ಎಲೆ–ಹೊಗೆಸೊಪ್ಪು ತೆಗೆದುಕೊಂಡು, ಮಧ್ಯಾಹ್ನ ಹಮ್ಮಬ್ಬಣ್ಣನ ಬಸ್ಸಿನಲ್ಲಿ ಹಿಂದಿರುಗುತ್ತಿದ್ದರು. ಹಾಲಿನ ಡೈರಿಯ ಸ್ಟಾಪಿನಲ್ಲಿ ಹಮ್ಮಬ್ಬಣ್ಣ ತಾವೇ ಇಳಿದು ಬುಟ್ಟಿ ಇಳಿಸಿ, "ನೆಲ ಸಿಕ್ಕಿತಾ?" ಎಂದು ಕೇಳಿ, ಅವರು "ಸಿಕ್ಕಿತು" ಎಂದ ಮೇಲೆಯೇ ಸೀಟಿ ಊದುವುದು. ಅಲ್ಲಿಂದ ಎಡಕ್ಕೆ ಎಂಟು ಹೆಜ್ಜೆ, ಡೈರಿಯ ಗೋಡೆ. ಗೋಡೆ ಹಿಡಿದರೆ ಮನೆವರೆಗೆ ಯಾರೂ ಬೇಡ.

ಇನ್ನು ನನ್ನ ವಿಚಾರ. ನಾನು ಆಗ ಊರಿನವರನ್ನೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದೆ. ನಮ್ಮ ಹೆಡ್‌ಮಾಸ್ಟರು, ಸೊಸೈಟಿಯ ಕಾರ್ಯದರ್ಶಿ, ಮದುವೆಮನೆಯ ಮೈಕಿನವನು, ಕರು ಹಾಕಲಿರುವ ನಮ್ಮ ದನ, ಯಾರನ್ನು ಕೇಳಿದರೂ ತೆಗೆದು ಕೊಡುತ್ತಿದ್ದೆ. ನನ್ನ ಸ್ವಂತ ಸ್ವರ ಯಾವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಫೋನು ಮಾಡಿದರೆ ಅಮ್ಮನೇ "ಯಾರು ಮಾತಾಡುವುದು?" ಎಂದು ಕೇಳುತ್ತಿದ್ದರು.

ಕಾಲೇಜಿಗೆ ಹೋಗುವಾಗ ಒಮ್ಮೆ ಹಿಂದಿನ ಸೀಟಿನಲ್ಲಿ ಕುಳಿತು ಹಮ್ಮಬ್ಬಣ್ಣನ ಸ್ವರದಲ್ಲಿ "ರೈಟ್ ಪೋಯಿ" ಎಂದೆ. ಡ್ರೈವರ್ ಬಸ್ಸು ಬಿಟ್ಟೇಬಿಟ್ಟ. ಹಮ್ಮಬ್ಬಣ್ಣ ಕೆಳಗೆ ಯಾರದೋ ಅಕ್ಕಿಮುಡಿಗೆ ಜಾಗ ನೋಡುತ್ತಿದ್ದರು. ಮುಂದಿನ ಸ್ಟಾಪಿನವರೆಗೆ ಯಾರದೋ ಸ್ಕೂಟರಿನ ಹಿಂದೆ ಕುಳಿತು ಬಂದರು. ಬೈಗುಳ ಖಂಡಿತ ಎಂದು ನಾನು ತಲೆ ತಗ್ಗಿಸಿದೆ. ಅವರು ನನ್ನ ಪಾಸು ಕೇಳಿ, ಎರಡೂ ಬದಿ ನೋಡಿ, ಹಿಂದೆ ಕೊಟ್ಟರು.

"ಒಳ್ಳೆದು ಮಾಡ್ತಿ. ಆದ್ರೆ ಮೂಗಿನಲ್ಲಿ ಸ್ವಲ್ಪ ಜಾಸ್ತಿ ಆಯ್ತು. ನನಗೆ ನೆಗಡಿ ಇರುವುದು ಮಳೆಗಾಲದಲ್ಲಿ ಮಾತ್ರ."

ಆ ದಿನದಿಂದ ನಾನು ಮೂಗು ಕಡಿಮೆ ಮಾಡಿದೆ. ಅವರೇ ತಿದ್ದಿ ಕೊಟ್ಟ ಸ್ವರ ಅದು.

ಎರಡು ಸಾವಿರದ ಆರೋ ಏಳೋ ಇರಬೇಕು. ನಾನು ಮೂಡುಬಿದಿರೆಯಲ್ಲಿ ಮದುವೆ ವಿಡಿಯೋಗಳಿಗೆ ಹಾಡು ಸೇರಿಸುವ ಅಂಗಡಿಯಲ್ಲಿದ್ದೆ. ಬಸ್ಸಿನ ಧನಿ, ಅಂದರೆ ಮಾಲಕರು, ಎಲ್ಲಿಯೋ ದೊಡ್ಡ ಊರಿಗೆ ಹೋಗಿ ಬಂದವರು, ತಮ್ಮ ಬಸ್ಸಿಗೂ ಒಂದು ಪರದೆ ಹಾಕಿಸಿದರು. ಡ್ರೈವರನ ತಲೆಯ ಮೇಲೆ ಉದ್ದದ ಕಪ್ಪು ಪೆಟ್ಟಿಗೆ, ಅದರಲ್ಲಿ ಓಡುವ ಕೆಂಪು ಅಕ್ಷರ. "ಪುಂಜಾಲಕಟ್ಟೆ" ಬಂದರೆ ಒತ್ತಕ್ಷರ ಬೇರೆಯಾಗಿ, ಬಸ್ಸು ತಪ್ಪಿದವನ ಹಾಗೆ ಹಿಂದಿನಿಂದ ಓಡಿ ಬರುತ್ತಿತ್ತು. ಅಕ್ಷರ ಓದಲಾಗದವರಿಗೆ ಪಕ್ಕದಲ್ಲಿ ಒಂದು ಸ್ಪೀಕರು. ಅದಕ್ಕೆ ಸ್ವರ ತುಂಬಿಸಲು ನಮ್ಮ ಅಂಗಡಿಗೆ ಬಂದರು.

ನಾನು ಮೊದಲು ಆಕಾಶವಾಣಿಯವರ ಹಾಗೆ ಗಂಭೀರವಾಗಿ ಓದಿದೆ. ಆಮೇಲೆ ಬಾಯಿ ತುರಿಸಿತು. ಹಮ್ಮಬ್ಬಣ್ಣನ ಸ್ವರದಲ್ಲಿ ಎಲ್ಲ ಸ್ಟಾಪುಗಳನ್ನೂ ಕೂಗಿದೆ, ಡೈರಿಗೆ ಬಂದಾಗ "ಮೆಲ್ಲ ಅಕ್ಕಾ, ಮೆಲ್ಲ" ಎಂಬುದನ್ನೂ ಸೇರಿಸಿದೆ. ಧನಿ ಹೊಟ್ಟೆ ಹಿಡಿದು ನಕ್ಕರು. "ಇದೇ ಇರಲಿ. ಹಮ್ಮಬ್ಬನಿಗೆ ಇನ್ನು ಗಂಟಲು ಖರ್ಚಿಲ್ಲ."

ಪೆಟ್ಟಿಗೆ ಹಾಕಿದ ದಿನ ನಾನೂ ಬಸ್ಸಿನಲ್ಲಿದ್ದೆ. ಹಮ್ಮಬ್ಬಣ್ಣ ತಮ್ಮ ಸ್ವರ ತಮ್ಮ ತಲೆಯ ಮೇಲಿಂದ ಬರುವುದನ್ನು ಕೇಳಿದರು. ಟಿಕೆಟ್ ಹರಿಯುತ್ತಿದ್ದ ಕೈ ನಿಂತಿತು. ನನ್ನ ಕಡೆ ನೋಡಿ, "ನನಗೆ ಸಂಬಳ ಉಂಟಲ್ಲ ಇನ್ನೂ?" ಎಂದು ಕೇಳಿ ನಕ್ಕರು. ನಗು ಸರಿಯಾಗಿ ಬರಲಿಲ್ಲ. ಅದೇ ಸಂಜೆ ಧನಿಯಿಂದ ಅಪ್ಪಣೆಯೂ ಬಂತು: ಕಂಡಕ್ಟರ್ ಇನ್ನು ಹೆಸರು ಕೂಗಬಾರದು, ಎರಡೆರಡು ಸ್ವರ ಕೇಳಿ ಜನರಿಗೆ ಗಲಿಬಿಲಿ ಆಗುತ್ತದೆ. ಹಮ್ಮಬ್ಬಣ್ಣ ಒಪ್ಪಿದಂತೆ ಮಾಡಿ, ಇಳಿಯುವವರ ಕಿವಿಯ ಬಳಿ ಬಗ್ಗಿ ಕಳ್ಳತನದಲ್ಲಿ ಹೆಸರು ಹೇಳುತ್ತಿದ್ದರು.

ಆ ಪೆಟ್ಟಿಗೆಗೆ ದಾರಿ ಗೊತ್ತಿರಲಿಲ್ಲ. ಡ್ರೈವರನ ಗೇರ್ ಕೋಲಿನ ಪಕ್ಕ ಒತ್ತುವ ಒಂದು ಗುಂಡಿ. ಡ್ರೈವರ್ ಪ್ರತಿ ಸ್ಟಾಪಿಗೆ ಒಮ್ಮೆ ಒತ್ತಿದರೆ ಪಟ್ಟಿಯಲ್ಲಿ ಮುಂದಿನ ಹೆಸರು ಬರುತ್ತಿತ್ತು. ಬಸ್ಸು ಸ್ಟಾಪಿನಲ್ಲಿ ಮಾತ್ರ ನಿಲ್ಲುವ ಊರಿಗೆ ಅದು ಸರಿ. ನಮ್ಮಲ್ಲಿ ಗೇಟಿನ ಎದುರು ಕೈ ತೋರಿಸಿದರೂ ನಿಲ್ಲುತ್ತದೆ, ಕೈ ತೋರಿಸದೆ ಸುಮ್ಮನೆ ನಿಂತವರನ್ನೂ "ಬರ್ತೀರಾ?" ಎಂದು ಕೇಳುತ್ತದೆ. ಡ್ರೈವರನ ಕೈ ಬ್ರೇಕು ಹಾಕಿದಲ್ಲೆಲ್ಲ ಗುಂಡಿಗೂ ಹೋಗುತ್ತಿತ್ತು.

ಮೊದಲ ಶನಿವಾರ ನಾನು ಅದೇ ಬಸ್ಸಿನಲ್ಲಿದ್ದೆ. ಕೆಲಸವೇನಿರಲಿಲ್ಲ. ನನ್ನ ಸ್ವರ ಕೇಳಲು, ಕೇಳಿಸಲು, ಇಬ್ಬರು ಗೆಳೆಯರನ್ನು ಕರೆದುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಮದುವೆ ಮುಗಿಸಿ ಬಂದವರಿಂದ ಬಸ್ಸು ತುಂಬಿತ್ತು, ಹೊರಗೆ ಜಿಟಿಜಿಟಿ ಮಳೆ. ಗಿರಿಜಕ್ಕ ಎದುರು ಬಾಗಿಲಿನ ಬಳಿ ಕುಳಿತಿದ್ದರು, ಹಮ್ಮಬ್ಬಣ್ಣ ನಮ್ಮ ಬಳಿ, ಹಿಂಬಾಗಿಲಿನಲ್ಲಿ, ಸಿಕ್ಕಿಬಿದ್ದಿದ್ದರು. ಡೈರಿಗಿಂತ ಒಂದು ತಿರುವು ಮೊದಲು, ಮೋರಿಯ ಹತ್ತಿರ, ಬಸ್ಸು ಯಾರಿಗೋ ನಿಂತಿತು.

"ಡೈರಿ... ಡೈರಿ... ಮೆಲ್ಲ ಅಕ್ಕಾ, ಮೆಲ್ಲ."

ಡೈರಿ ಇನ್ನೂ ಬಂದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಗೆಳೆಯನ ಬೆನ್ನಿಗೆ ಗುದ್ದಿ ನಗುತ್ತಿದ್ದೆ. ಹಮ್ಮಬ್ಬಣ್ಣ ಮಾತ್ರ ಜನರ ತಲೆಗಳ ಮೇಲಿಂದ ಎದುರು ಬಾಗಿಲಿನ ಕಡೆ ನೋಡಿ, "ಅಕ್ಕಾ, ಅಲ್ಲ, ಅಲ್ಲ" ಎಂದು ಕೂಗಿದರು. ಬಸ್ಸು ಹೊರಟಿತ್ತು. ಗಿರಿಜಕ್ಕ ಆಗಲೇ ಇಳಿದು ಎಡಕ್ಕೆ ಹೆಜ್ಜೆ ಎಣಿಸುತ್ತಿದ್ದರು. ಅಲ್ಲಿ ಗೋಡೆ ಇರಲಿಲ್ಲ.

ಮೋರಿಯ ಕಲ್ಲಿನ ಮೇಲೆ ಬಿದ್ದು ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಹಮ್ಮಬ್ಬಣ್ಣ ಓಡುವ ಬಸ್ಸಿನಿಂದ ಹಾರಿ, ಅವರನ್ನು ಎತ್ತಿ, ಜೀಪು ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜೀಪಿನಲ್ಲಿ ಗಿರಿಜಕ್ಕ ಕೇಳಿದ್ದು ಒಂದೇ: "ಯಾಕೆ ಹಾಗೆ ಮಾಡಿದಿರಿ ಹಮ್ಮಬ್ಬಣ್ಣ?"

ನಮ್ಮ ಕಡೆ ಆಗ ಹೆಸರು ಕೇಳಿ, ಹಿಂದುವೋ ಮುಸ್ಲಿಮನೋ ನೋಡಿ, ಆಮೇಲೆ ಸಿಟ್ಟು ಎಷ್ಟು ಬರಬೇಕೆಂದು ನಿಶ್ಚಯಿಸುವ ದಿನಗಳು. ಮರುದಿನ ಡೈರಿಯಲ್ಲಿ ನಾಲ್ಕು ಜನ ಬಸ್ಸಿಗೆ ಅಡ್ಡ ನಿಂತರು. "ಕಣ್ಣಿಲ್ಲದವರನ್ನು ಮೋರಿಯಲ್ಲಿ ಇಳಿಸಿದ ಬ್ಯಾರಿ ಎಲ್ಲಿ?" ಹಮ್ಮಬ್ಬಣ್ಣ ಇಳಿದು, "ನಾನು ಕೂಗಿದ್ದಲ್ಲ, ಪೆಟ್ಟಿಗೆ" ಎಂದರು. ಡ್ರೈವರ್ ತಾನು ಗುಂಡಿ ಒತ್ತಲೇ ಇಲ್ಲ ಎಂದ. ಧನಿ, ಪೆಟ್ಟಿಗೆ ಸರಿ ಇದೆ, ಬೇಡವೆಂದರೂ ಬಾಯಿ ಹಾಕುವ ಚಟ ಇವನದ್ದೇ ಎಂದರು. ಗಿರಿಜಕ್ಕ ಆಸ್ಪತ್ರೆಯಲ್ಲಿ, "ಅದು ಅವರದೇ ಸ್ವರ, ನನಗೆ ತಪ್ಪುವುದಿಲ್ಲ" ಎಂದರು. ಊರಿನವರನ್ನೆಲ್ಲ ಬಾಯಲ್ಲಿ ಇಟ್ಟುಕೊಂಡಿದ್ದ ನನಗೆ ಆ ದಿನ ಒಂದು ಸ್ವರವೂ ಸಿಗಲಿಲ್ಲ.

ವಾರ ಕಳೆಯುವುದರೊಳಗೆ ಹಮ್ಮಬ್ಬಣ್ಣನ ಚರ್ಮದ ಚೀಲ ಬೇರೆಯವನ ಹೆಗಲಿಗೆ ಹೋಯಿತು. ಅವರು ಮಡಂತ್ಯಾರಿನಲ್ಲಿ ಅಳಿಯನ ಬಾಳೆಹಣ್ಣಿನ ಅಂಗಡಿಯಲ್ಲಿ ಕುಳಿತರು. ಪಕ್ಕದ ಅಂಗಡಿಯವರು ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದರು. ಹಮ್ಮಬ್ಬಣ್ಣ ತುಟಿ ಬಿಚ್ಚುತ್ತಿರಲಿಲ್ಲ. ನಾನು ದಿನಾ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಅಂಗಡಿ ಬಂದಾಗ ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ.

ಮೂರು ವಾರ ಹಾಗೆ ನೋಡಿದ ಮೇಲೆ ಗಿರಿಜಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತಿದ್ದರು, ಬಲಗೈಗೆ ಪ್ಲಾಸ್ಟರು, ಬೀಡಿ ಕಟ್ಟುವುದು ನಿಂತಿತ್ತು. ಎಡಗೈ ಬೆರಳುಗಳು ಮಡಿಲಲ್ಲಿ ಇಲ್ಲದ ಎಲೆಯನ್ನು ಸುಮ್ಮನೆ ಸುರುಟುತ್ತಿದ್ದವು. ನಡೆದದ್ದನ್ನು ಹೇಳಿದೆ. ಅವರು ಕೇಳಿ ಮುಖ ತಿರುಗಿಸಿದರು.

"ಎಷ್ಟು ದಿನದಿಂದ ಬಾಯಿಪಾಠ ಮಾಡಿದಿ? ಹಮ್ಮಬ್ಬಣ್ಣ ಕಳಿಸಿದ್ದಾ ನಿನ್ನನ್ನು?"

"ಇಲ್ಲ ಅಕ್ಕಾ. ಅವರಿಗೆ ಗೊತ್ತೇ ಇಲ್ಲ ನಾನು ಬಂದದ್ದು."

"ಅವರು ಇಂಥ ಕೆಲಸಕ್ಕೂ ಇಳಿದರಾ? ಒಂದು ಮಾಣಿಯನ್ನು ಹಿಡಿದು ತಪ್ಪು ಅವನ ತಲೆಗೆ ಕಟ್ಟುವುದಾ?"

ನಿಜ ಹೇಳಿ ಅವರ ಮೇಲೆ ಇನ್ನೊಂದು ಅಪವಾದ ಹೊರಿಸಿದಂತಾಯಿತು. ಬೇರೆ ದಾರಿ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಹೇಳಿದೆ, "ಡೈರಿ... ಡೈರಿ... ಮೆಲ್ಲ ಅಕ್ಕಾ, ಮೆಲ್ಲ."

ಗಿರಿಜಕ್ಕನ ಪಾದ ಜಗಲಿಯಿಂದ ಕೆಳಗೆ ನೆಲ ಹುಡುಕಿತು. ಅವರು ಅದನ್ನು ಹಿಂದೆ ಎಳೆದುಕೊಂಡು, ಸೆರಗು ಹೊದ್ದರು.

"ಸಾಕು," ಎಂದರು. "ಇನ್ನೊಮ್ಮೆ ಹೇಳಬೇಡ. ನೋಡಲಿಕ್ಕೆ ಬಂದಿದ್ದ ಅವರ ಹೆಂಡತಿಯ ಎದುರು ನಾನು ಏನೆಲ್ಲ ಆಡಿದ್ದೇನೆ ಗೊತ್ತುಂಟಾ ನಿನಗೆ?"

ಮರುದಿನವೇ ತಮ್ಮನ ಕೈ ಹಿಡಿದು ಮಡಂತ್ಯಾರಿಗೆ ಹೋಗಿ ಹಮ್ಮಬ್ಬಣ್ಣನ ಅಂಗಡಿಯ ಬೆಂಚಿನಲ್ಲಿ ಕುಳಿತು ಬಂದರಂತೆ. ಏನು ಮಾತಾಡಿದರೋ ಯಾರಿಗೂ ತಿಳಿಯದು. ಅಡ್ಡ ನಿಂತಿದ್ದ ನಾಲ್ವರಿಗೂ ಅವರೇ ಹೇಳಿಸಿದರು. ಮಾತು ಧನಿಯ ಕಿವಿಗೂ ಬಿತ್ತು. ಅವರು ನನ್ನನ್ನು ಕರೆದು, ಪೆಟ್ಟಿಗೆಯನ್ನು ರಿಪೇರಿ ಮಾಡಿಸಿದ್ದೇವೆ, ಹಮ್ಮಬ್ಬ ಸೋಮವಾರದಿಂದ ಬರಲಿ ಎಂದರು. ಹೇಳಿ ಬರುವ ಕೆಲಸ ನನಗೇ ಕೊಟ್ಟರು.

ಹಾಗೆ ಹೇಳಲು ಹೋದದ್ದೇ ಹಮ್ಮಬ್ಬಣ್ಣನ ಜೊತೆ ನನ್ನ ಕೊನೆಯ ಭೇಟಿ. ಆಮೇಲೆ ಅವರು ಇನ್ನೊಬ್ಬ ಮಗಳ ಊರಿಗೆ ಹೋದರು, ಅಲ್ಲಿಯೇ ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ತಿಂಗಳು ಕಳೆದಿತ್ತು. ಬಸ್ಸಿನ ಸುದ್ದಿ ಬಂದರೆ ಈಗಲೂ ಯಾರಾದರೂ "ಹಮ್ಮಬ್ಬಣ್ಣನನ್ನು ಒಮ್ಮೆ ತೆಗಿ ಮಾರಾಯ" ಎನ್ನುತ್ತಾರೆ. ಗಂಟಲು ಸರಿಯಿಲ್ಲ ಎನ್ನುತ್ತೇನೆ.

ನಾನು ಹೇಳಲು ಹೋದ ದಿನ ಅವರು ಯಾರಿಗೋ ಕದಳಿ ತೂಗುತ್ತಿದ್ದರು. ನಾನು ಧನಿಯ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಕ್ಷಮೆ ಕೇಳಬೇಕೆಂದು ಬಂದವನು, ಕೇಳುವ ಬದಲು, "ನಿಮಗೆ ಕೂಗುವ ಕಷ್ಟವೂ ಇಲ್ಲ ಹಮ್ಮಬ್ಬಣ್ಣ, ಎಲ್ಲ ಅದೇ ಹೇಳ್ತದೆ" ಎಂದುಬಿಟ್ಟೆ. ಅವರು ಹಣ್ಣನ್ನು ಪೇಪರಿನಲ್ಲಿ ಕಟ್ಟಿ, ಗಿರಾಕಿಯನ್ನು ಕಳಿಸಿ, ನನ್ನ ಮುಖ ನೋಡಿದರು.

"ಪೆಟ್ಟಿಗೆಯಲ್ಲಿ ಈಗಲೂ ನನ್ನದೇ ಸ್ವರವಾ?"

"ಹೌದು."

"ಹಾಗಾದ್ರೆ ಮೊದಲು ಆ ಸ್ವರಕ್ಕೆ ಹೇಳು, ಗಿರಿಜಕ್ಕನ ಮನೆಗೆ ಹೋಗಿ ನಾಲ್ಕು ಕಟ್ಟು ಬೀಡಿ ಕಟ್ಟಿ ಕೊಟ್ಟು ಬರ್ಲಿ. ಆಮೇಲೆ ನಾನು ಬರ್ತೇನೆ."