ಫರಸಿಯ ಮೇಲಿನ ಕುಂಕುಮದ ಮಚ್ಚೆ

ಮೊನ್ನೆ ಮುಂಜಾನೆ ನಮ್ಮ ಮೊಮ್ಮಗಳು ಗೌರಿ ಅಂಗಳ ತೊಳೆಯುತ್ತಿದ್ದಳು. ನೆಲಕ್ಕೆ ಹಾಸಿದ ಶಹಾಬಾದಿ ಫರಸಿ ಕಲ್ಲಿನ ಗುಣವೇ ಹಾಗೆ, ನೀರು ಬಿದ್ದ ಕೂಡಲೇ ಕರ್ರಗೆ ಮಿಂಚುತ್ತದೆ, ಒಣಗಿದಾಗ ಕಾಣದ ಗುರುತುಗಳೆಲ್ಲ ಆಗ ಮೇಲೆ ಬರುತ್ತವೆ. ತುಳಸಿ ಕಟ್ಟೆಯ ಹತ್ತಿರ ಒಂದು, ಗೇಟಿನ ಹತ್ತಿರ ಒಂದು ಕೆಂಪು ಮಚ್ಚೆ ಕಂಡು ಅವಳು ಬ್ರಶ್ಶಿನಿಂದ ತಿಕ್ಕತೊಡಗಿದಳು.

“ಆಯಿ, ಈ ಡಾಗ ಹೋಗವಲ್ದು. ಆ್ಯಸಿಡ್ ಹಾಕ್ಲೇನ?”

“ಹಾಕಿದಿ ಅಂದ್ರ ನೋಡು!”

ನಾನು ಹಾಗೆ ಕೂಗುವವಳಲ್ಲ. ನನ್ನ ದನಿ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ ಎಂದು ನೀವೆಲ್ಲ ನಗುತ್ತೀರಿ. ಅವಳ ಕೈಯಿಂದ ಬ್ರಶ್ಶು ಬಿತ್ತು.

ಮಕ್ಕಳೇ, ಆ ಮಚ್ಚೆಗಳ ಕಥೆ ಬಾಯಿಂದ ಹೇಳಲು ಹೋದರೆ ನಡುವೆ ನಿಮಗೆ ಫೋನು ಬರುತ್ತದೆ, ನನಗೆ ನಾಚಿಕೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ನಾಗಣಸೂರಿನ ಕನ್ನಡ ಸಾಲಿಯಲ್ಲಿ ಕಲಿತ ಅಕ್ಷರಗಳಿವು. ಓದುವಾಗ ತಡವರಿಸಿದರೆ ನಿಮ್ಮ ಅಪ್ಪನಿಂದ ಓದಿಸಿಕೊಳ್ಳಿ.

ನಮ್ಮ ಹಸಿರು ಗಾಡಿ ನಿಮಗೆ ಗೊತ್ತಿದೆ. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಸೈಕಲ್ಲಿನಂತೆ ತಂತಿಯ ಗಾಲಿ. ನನ್ನ ಯಜಮಾನರು, ನಿಮ್ಮ ಮುತ್ಯಾ, ಸೊಲ್ಲಾಪುರದಲ್ಲಿ ಒಂದು ಆಫೀಸಿನ ಕ್ಲಾರ್ಕ್ ಆಗಿದ್ದರು. ಯಾವುದೋ ಗಿರಣಿ ಮಾಲೀಕರ ಹಳೇ ಬಂಗಲೆಯ ಹಿತ್ತಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಈ ವಿಲಾಯತಿ ಗಾಡಿಯನ್ನು ಕಂಡು ಮರುಳಾದರು. ಮೂರು ಮಕ್ಕಳ ಮನೆಗೆ ಎರಡು ಸೀಟಿನ ಗಾಡಿ! ನಮ್ಮ ಅತ್ತೆ ಅದರ ಸುತ್ತ ಒಂದು ಸುತ್ತು ಹಾಕಿ, “ತಲಿ ಮ್ಯಾಲ ಛತ್ತ ಇಲ್ಲದ್ದು ಇದೆಂಥಾ ಗಾಡಿಯೋ? ಎತ್ತು ಎಲ್ಲಿ ಕಟ್ಟತಿ?” ಎಂದರು.

ಆದರೂ ಮನೆಗೆ ಬಂದ ಗಾಡಿಗೆ ಪೂಜೆ ಆಗಲೇಬೇಕು. ಹಳೇ ಟೈರುಗಳು ಬಿರುಕುಬಿಟ್ಟಿದ್ದವು. ಗಾಳಿ ತುಂಬಿದರೆ ಒಂದು ಹೊತ್ತು ನಿಲ್ಲುತ್ತಿದ್ದವು, ಅಷ್ಟೇ. ರಬ್ಬರಿಗೆ ಒಣ ಕುಂಕುಮ ಹತ್ತುವುದಿಲ್ಲವೆಂದು ನಾನು ಎಣ್ಣೆಯಲ್ಲಿ ಕಲಸಿ, ಗಾಲಿಯ ನೆಲ ತಾಕುವ ಮೈಗೆ ದೊಡ್ಡ ಬೊಟ್ಟು ಇಟ್ಟೆ. ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ ಹೊರಗೆ ತಳ್ಳಿದರು. ಗಾಲಿ ಉರುಳಿದಂತೆ ಬೊಟ್ಟು ಫರಸಿಗೆ ಅಚ್ಚೊತ್ತಿತು. ತುಳಸಿಯ ಹತ್ತಿರ ಒಮ್ಮೆ, ಪೂರ್ತಿ ಒಂದು ಸುತ್ತಾದ ಮೇಲೆ ಗೇಟಿನ ಹತ್ತಿರ ಇನ್ನೊಮ್ಮೆ. ಶಹಾಬಾದಿ ಕಲ್ಲು ಎಣ್ಣೆ ಕುಡಿಯಿತೆಂದರೆ ಮುಗಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ನನ್ನ ಕೈಗೆಲಸಕ್ಕೆ ಅತ್ತೆಯಿಂದ ಬಹಳ ದಿನ ಪ್ರಶಸ್ತಿಗಳು ಬಂದವು.

ಮುಂದೆ ಎಷ್ಟೋ ಭಾನುವಾರ ನಿಮ್ಮ ಮುತ್ಯಾ ರಫೀಕ್ ಮಿಸ್ತ್ರಿಯ ಗ್ಯಾರೇಜಿನಲ್ಲಿ ಗಾಡಿಯ ಕೆಳಗೇ ಮಲಗಿದರು. ಇಂಜಿನ್ನು ಉಸಿರಾಡಿತು. ಬಣ್ಣ ಬಂತು. ಕೊನೆಗೆ ಹೊಸ ಟೈರು. ಹಳೇ ಅಳತೆಯದು ಸಿಗಲಿಲ್ಲ. ಅಂಗಡಿಯಲ್ಲಿ ಈಗಿನ ಕಾರುಗಳ ದಪ್ಪ, ಅಗಲವಾದ ಟೈರು ಕಂಡು ಇವರ ಮನಸ್ಸು ತುಂಬಿತು. ಅಗಲವಾದದ್ದು ದೊಡ್ಡದು ಎಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ, ಪೈಲ್ವಾನನ ತೊಡೆ ನೋಡಿದ ಹಾಗಾಗಿತ್ತು.

ದಸರೆಯ ದಿನ ಗ್ಯಾರೇಜಿನಲ್ಲೇ ಪೂಜೆ ಮುಗಿಸಿ, ಬನ್ನಿ ಕೊಡಲು ನೇರ ಅಕ್ಕಲಕೋಟಕ್ಕೆ, ನನ್ನ ತಮ್ಮ ಬಸಣ್ಣನ ಮನೆಗೆ ಹೊರಟೆವು. ನಾನು ಆ ಗಾಡಿಯಲ್ಲಿ ಕುಳಿತದ್ದು ಅದೇ ಮೊದಲು. ತೆರೆದ ಗಾಡಿ, ಊರೆಲ್ಲ ನೋಡುತ್ತದೆ. ಸೆರಗನ್ನು ಮೂಗಿನ ತನಕ ಎಳೆದುಕೊಂಡು ರಸ್ತೆಯಂಚಿನ ಕಿಲೋಮೀಟರ್ ಕಲ್ಲುಗಳನ್ನೇ ನೋಡುತ್ತ ಕುಳಿತೆ.

ಮುಂದೆ ಎರಡು ಗಡಿಯಾರ. ಒಂದು ವೇಗವನ್ನೂ ಓಡಿದ ಕಿಲೋಮೀಟರನ್ನೂ ತೋರಿಸುವಂಥದು, ಇನ್ನೊಂದು ಇಂಜಿನ್ನಿನ ಸುತ್ತಿನದು. ಟಾಪ್ ಗೇರು ಹಾಕಿದರೂ ಸುತ್ತಿನ ಮುಳ್ಳು ಮೇಲೇ ಇತ್ತು, ಇಂಜಿನ್ನು ಹಿಟ್ಟಿನ ಗಿರಣಿಯಂತೆ ಕಿರುಚುತ್ತಿತ್ತು.

“ಏ, ನೋಡಿಲ್ಲಿ! ಅರವತ್ತು! ಅರವತ್ತರಾಗ ಹೊಂಟೇವಿ!”

ಅಷ್ಟರಲ್ಲಿ ಒಂದು ಮುದಿ ಎಸ್‌ಟಿ ಬಸ್ಸು ನಮ್ಮನ್ನು ಹಿಂದೆ ಹಾಕಿತು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, “ಕಾಕಾ, ಧಕ್ಕಾ ದೇಊ ಕಾ?” ಎಂದ. ತಳ್ಳಲೇನು ಎಂದು ಕೇಳಿದ್ದು! ನಡುದಾರಿಯ ವಳಸಂಗ ದಾಟುವ ಹೊತ್ತಿಗೆ ಮುಂದಿನಿಂದ ಹಬೆ ಎದ್ದಿತು. ಸುದ್ದಿ ಮುಟ್ಟಿದ ಮೇಲೆ ಬಸಣ್ಣ ತನ್ನ ಟೆಂಪೊ ತಂದು ಹಗ್ಗ ಕಟ್ಟಿದ. ಅಕ್ಕಲಕೋಟದ ಪೇಟೆಯ ನಡುವೆ ನಮ್ಮ ಮೆರವಣಿಗೆ ಹೀಗೆ ಹೊರಟಿತು: ಮುಂದೆ ಉಳ್ಳಾಗಡ್ಡಿಯ ಟೆಂಪೊ, ಹಿಂದೆ ವಿಲಾಯತಿ ಗಾಡಿ, ಅದರೊಳಗೆ ಸೆರಗಿನ ಗಂಟಾಗಿ ನಾನು.

“ಮಾಮಾ, ಮುಂದಿನ ಸಲ ಗಾಡಿ ಟೆಂಪೊದಾಗ ಹೇರಿಕೊಂಡ ಬರ್ರಿ. ಅಕ್ಕನ್ನ ಮುಂದ ಕುಂಡರಸ್ರಿ,” ಎಂದ ಬಸಣ್ಣ. ನಿಮ್ಮ ಮುತ್ಯಾ ಅವತ್ತು ಹೋಳಿಗೆ ಮುಟ್ಟಲಿಲ್ಲ.

ರಫೀಕ್ ಮಿಸ್ತ್ರಿ ನೋಡಿ ತಲೆ ತುರಿಸಿಕೊಂಡ. “ಸಾಹೇಬ್ರ, ಇಂಜಿನ್ ಭಾಳ ಸುತ್ತ ಹೊಡ್ಯಾಕತ್ತದ. ಹಿಂದಿನ ಡಬ್ಬ್ಯಾಗಿನ ಹಲ್ಲಿನ ಗಾಲಿ ಬದಲಾಸಬೇಕು. ಇಲ್ಲಿ ಸಿಗೂದಿಲ್ಲ, ಇಂಗ್ಲಂಡದಿಂದ ಬರಬೇಕು.”

“ಎಂದ ಬರ್ತದ?”

“ಅಲ್ಲಾಗ ಗೊತ್ತ.”

ಇದೇ ಹೊತ್ತಿಗೆ ಪುಣೆಯ ಹೋಟೆಲಿನವನೊಬ್ಬ ಗಾಡಿ ಕೊಳ್ಳಲು ಬಂದ. ಇಂಜಿನ್ನು ತೆಗೆದಿಟ್ಟು ಗಾಡಿಯನ್ನು ಹೋಟೆಲಿನ ಬಾಗಿಲಲ್ಲಿ ನಿಲ್ಲಿಸುತ್ತಾನಂತೆ, ಸೀಟಿನಲ್ಲಿ ಹೂಗಿಡ ಇಡುತ್ತಾನಂತೆ. ದೀಪಾವಳಿ ಮುಗಿದ ಮೇಲೆ ಒಯ್ಯಲಿ ಎಂದು ನಿಮ್ಮ ಮುತ್ಯಾ ಒಪ್ಪಿಬಿಟ್ಟರು. ಸಂಜೆ ಗಾಡಿಯ ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕೂರುತ್ತಿದ್ದರು. ಆ ಹೂಗಿಡದ ಮಾತು ನನಗೆ ನುಂಗಲಾರದ ತುತ್ತಾಗಿತ್ತು. ಆದರೆ ನಾನು ಏನು ಹೇಳಬಲ್ಲೆ? ನನಗೆ ಗೊತ್ತಿದ್ದ ಹಲ್ಲಿನ ಗಾಲಿ ಸೈಕಲ್ಲಿನದೊಂದೇ.

ದೀಪಾವಳಿ ಪಾಡ್ಯದ ಮುಂಜಾನೆ ಕೊನೆಯ ಪೂಜೆ ಎಂದುಕೊಂಡೇ ಕುಂಕುಮ ಕಲಸಿದೆ, ಎಣ್ಣೆಯಲ್ಲಿಯೇ. ಬೊಟ್ಟು ಇಟ್ಟೆ. ಗಾಡಿ ಉರುಳಿ ಹೊರಗೆ ಹೋಯಿತು. ಕಲೆಯಾಗುವ ಮೊದಲೇ ಒರೆಸೋಣವೆಂದು ನಾನು ಅರಿವೆ ತಂದು ಬಗ್ಗಿದೆ. ಅರಿವೆ ಕೈಯಲ್ಲೇ ಉಳಿಯಿತು. ತುಳಸಿಯ ಹತ್ತಿರ ಹೊಸ ಮಚ್ಚೆ ಹಳೆಯದರ ಪಕ್ಕದಲ್ಲೇ ಬಿದ್ದಿತ್ತು. ಗೇಟಿನ ಹತ್ತಿರದ್ದು ಹಳೆಯದನ್ನು ಮುಟ್ಟಿಯೇ ಇರಲಿಲ್ಲ. ಗೇಣು ಹಾಕಿ ಅಳೆದೆ, ಹಳೆಯದರಿಂದ ಹಳೆಯದಕ್ಕೆ, ಹೊಸದರಿಂದ ಹೊಸದಕ್ಕೆ. ಹತ್ತಿರ ಹತ್ತಿರ ಒಂದು ಗೇಣು ಕಡಿಮೆ! ಸೀರೆ ಒದ್ದೆಯಾದದ್ದೂ ಗೊತ್ತಾಗಲಿಲ್ಲ.

“ರೀ, ಇಲ್ಲಿ ಬರ್ರಿ. ನಿಮ್ಮ ಗಾಡಿ ಹೆಜ್ಜಿ ಸಣ್ಣದ ಇಡಾಕತ್ತದ.”

“ಏನ ಹುಚ್ಚರಂಗ ಮಾತಾಡ್ತಿ?” ಎನ್ನುತ್ತಲೇ ಬಂದರು. ನೋಡಿದರು. ತಾವೂ ಗೇಣು ಹಾಕಿದರು. ಆಮೇಲೆ ಹಬ್ಬದ ಹೊಸ ಧೋತರದಲ್ಲಿ ಒದ್ದೆ ಫರಸಿಯ ಮೇಲೆ ಕುಳಿತೇ ಬಿಟ್ಟರು.

ಮಕ್ಕಳೇ, ನಿಮಗೆ ಅರ್ಥವಾಗಲೆಂದು ಹೇಳುತ್ತೇನೆ. ನಿಮ್ಮ ಮುತ್ಯಾ ಎತ್ತರದ ಆಳು, ನಾನು ಗಿಡ್ಡಿ. ಪೇಟೆಗೆ ಜೊತೆಯಾಗಿ ಹೋದರೆ ಅವರು ಆರಾಮವಾಗಿ ನಡೆಯುವರು, ನಾನು ಪುಟುಪುಟು ಓಡಬೇಕು. ಮನೆ ಮುಟ್ಟುವುದು ಇಬ್ಬರೂ ಒಟ್ಟಿಗೇ, ತೇಕುವವಳು ಮಾತ್ರ ನಾನು. ಆ ಹೊಸ ಟೈರು ಅಗಲವಿತ್ತು, ಎತ್ತರವಿರಲಿಲ್ಲ. ಗಾಲಿ ಗಿಡ್ಡಾದರೆ ಅಷ್ಟೇ ದಾರಿಗೆ ಹೆಚ್ಚು ಸುತ್ತು. ಗಾಲಿಗೂ ಇಂಜಿನ್ನಿಗೂ ನಡುವೆ ಇರುವ ಹಲ್ಲುಗಳು ಬದಲಾಗಿಲ್ಲವಾದ್ದರಿಂದ ಇಂಜಿನ್ನಿಗೂ ಹೆಚ್ಚು ಸುತ್ತು. ಅದಕ್ಕೇ ಆ ಕಿರುಚಾಟ, ಆ ಹಬೆ. ವೇಗದ ಗಡಿಯಾರವಾದರೂ ಸುತ್ತು ಎಣಿಸುತ್ತದೆಯೇ ಹೊರತು ನೆಲ ನೋಡುವುದಿಲ್ಲ. ಅದು ಅರವತ್ತು ಎಂದಾಗ ನಾವು ಅರವತ್ತರಲ್ಲಿ ಇರಲೇ ಇಲ್ಲ. ದಸರೆಯ ದಿನ ಗಾಡಿಯ ಮೀಟರು ರಸ್ತೆಯ ಕಲ್ಲುಗಳಿಗಿಂತ ಮುಂದೆ ಮುಂದೆ ಹೋಗುತ್ತಿದ್ದುದನ್ನು ನಾನು ಕಂಡಿದ್ದೆ. ಕಲ್ಲು ನೆಟ್ಟವರೇ ತಪ್ಪಿದ್ದಾರೆಂದು ಸುಮ್ಮನಿದ್ದೆ!

ಮರುದಿನ ಭಾವಬೀಜ. ತಮ್ಮನಿಗೆ ಆರತಿ ಎತ್ತಲು ಅಕ್ಕಲಕೋಟಕ್ಕೆ ಹೋಗಲೇಬೇಕು. ಇವರು ಓಡಿದ್ದು ರಫೀಕನ ಮನೆಗೆ. ಅವನು ಕೇಳಿಸಿಕೊಂಡು ತನ್ನ ಹಣೆಗೆ ತಾನೇ ಬಡಿದುಕೊಂಡು ನಕ್ಕ. “ಹಲ್ಲು ಇಂಗ್ಲಂಡದಾಗ ಇರ್ಲಿ ಬಿಡ್ರಿ. ನನ್ನ ಹಳೇ ಟ್ಯಾಕ್ಸಿ ಟೈರ ಅದಾವ, ಸಣಕಲ ಅದಾವ, ಎತ್ತರ ಅದಾವ. ಭಾಭಿಯವರ ಫರಸಿಗೆ ಹಚ್ಚಿ ನೋಡೂಣು.” ಸಂಜೆಯೊಳಗೆ ಟೈರು ಕೂತವು. ಮುಂಜಾನೆಯ ಹಸಿ ಮಚ್ಚೆಗಳನ್ನು ನಾನು ಆಗಲೇ ಒರೆಸಿದ್ದೆ, ಈಗ ಮತ್ತೆ ಬೊಟ್ಟು ಇಟ್ಟೆ. ಬೊಟ್ಟನ್ನು ತುಳಸಿಯ ಹತ್ತಿರದ ಹಳೇ ಮಚ್ಚೆಗೆ ಸರಿಯಾಗಿ ಹೊಂದಿಸಿ ಇಬ್ಬರೂ ತಳ್ಳಿದರು. ಗೇಟಿನ ಹತ್ತಿರ ಹೊಸ ಕೆಂಪು ಹಳೆಯ ಕೆಂಪಿನ ಮೇಲೆಯೇ ಕೂತಿತು. ರಫೀಕ್ ಸೀಟಿ ಹೊಡೆದ. ಅತ್ತೆ, “ಫರಸಿ ಪೂರಾ ಹೊಲಸ ಮಾಡಿದ್ರಿ,” ಎಂದರು, ಆದರೆ ನಗುತ್ತಿದ್ದರು.

ಮರುದಿನದ ದಾರಿಯನ್ನು ಹೇಗೆ ಬರೆಯಲಿ? ನಿಂತಲ್ಲಿಂದ ಹೊರಡುವಾಗ ಗಾಡಿ ತುಸು ಭಾರವಾಯಿತು, ಏರಿನಲ್ಲಿ ಒಂದು ಗೇರು ಕೆಳಗಿಳಿಸಬೇಕಾಯಿತು. ಆದರೆ ಬಯಲಿಗೆ ಬಂದು ಟಾಪ್ ಗೇರು ಬಿದ್ದ ಮೇಲೆ ಕಿರುಚಾಟವೆಲ್ಲ ಅಡಗಿ, ಊಟವಾದ ಮೇಲೆ ತಂಬೂರಿ ಹಿಡಿದವರಂತೆ ಇಂಜಿನ್ನು ಗುಂಯ್ ಎಂದಿತು. ಸುತ್ತಿನ ಮುಳ್ಳು ಇಳಿಯಿತು, ದಾರಿಯ ಕಲ್ಲುಗಳು ಮೀಟರಿನೊಂದಿಗೆ ಹೆಜ್ಜೆ ಹಾಕಿದವು. ಒಂದು ಎಸ್‌ಟಿ ಬಸ್ಸನ್ನು ಹಿಂದೆ ಹಾಕಿದೆವು. ಅದೇ ಕಂಡಕ್ಟರನೋ ಅಲ್ಲವೋ ನೋಡಲು ಪುರಸತ್ತು ಎಲ್ಲಿ?

ವಳಸಂಗದ ಹತ್ತಿರ ಬಸಣ್ಣ ಟೆಂಪೊ ನಿಲ್ಲಿಸಿಕೊಂಡು, ಹೆಗಲಿಗೆ ಹಗ್ಗ ಹಾಕಿಕೊಂಡು ಕಾಯುತ್ತ ನಿಂತಿದ್ದ. ಕೀಟಲೆಗೆ ಆ ಹಗ್ಗಕ್ಕೆ ಚೆಂಡುಹೂವಿನ ಮಾಲೆಯನ್ನೂ ಸುತ್ತಿದ್ದ. ನಾವು ನಿಲ್ಲಲಿಲ್ಲ. ಗಾಳಿಗೆ ನನ್ನ ಸೆರಗು ತಲೆಯಿಂದ ಜಾರಿ ಹಾರಿತು. ನಾನು ಹಿಡಿಯಲಿಲ್ಲ. ಎದ್ದು ಅರ್ಧ ನಿಂತು, ಹಿಂದೆ ತಿರುಗಿ, “ಬಸ್ಯಾ! ಹಗ್ಗಾ ನಿನ್ನ ಟೆಂಪೊಕ್ಕ ಕಟ್ಟಲೇನೋ?” ಎಂದು ಕೂಗಿದೆ. ನಿಮ್ಮ ಮುತ್ಯಾ ಬೆರಗಾಗಿ ರಸ್ತೆ ಬಿಟ್ಟು ನನ್ನನ್ನೇ ನೋಡಿದರು.

“ರೀ, ಮುಂದ ನೋಡ್ರಿ!”

“ಮುಂದಿಂದ ದಿನಾ ಇರ್ತದ,” ಎಂದರು.

ಪುಣೆಯವನು ಬರಿಗೈಯಲ್ಲಿ ಹೋದ. ಹೂಗಿಡಕ್ಕೆ ಬೇರೆ ಕುಂಡ ಸಿಕ್ಕಿರಬೇಕು.

ನಿಮ್ಮ ಮುತ್ಯಾ ತೀರಿಕೊಂಡ ಮೇಲೆ ಕುಂಕುಮದ ಬಟ್ಟಲನ್ನು ನಾನೇ ಸೊಸೆಯ ಕೈಗೆ ಕೊಟ್ಟೆ. ಬೇಡವೆಂದು ಯಾರೂ ಹೇಳಿರಲಿಲ್ಲ. ಪಾಡ್ಯ ಬಂದರೆ ಬಾಗಿಲೊಳಗೆ ನಿಂತು ನೋಡುತ್ತಿದ್ದೆ, ಅಷ್ಟೇ.

ಮೊನ್ನೆ ಇದನ್ನೆಲ್ಲ ತುಂಡು ತುಂಡಾಗಿ ಹೇಳಿದಾಗ ಗೌರಿ ಆ್ಯಸಿಡ್ಡಿನ ಬಾಟಲಿ ಒಳಗಿಟ್ಟಳು. ಅವಳು ತರಿಸಿದ ಹೊಸ ಟೈರು ನಿನ್ನೆಯೇ ಹಾಕಿಸಿಯಾಗಿದೆ. ಈ ಭಾವಬೀಜಕ್ಕೆ ಅಕ್ಕಲಕೋಟಕ್ಕೆ ಗಾಡಿ ಓಡಿಸುವವಳು ಅವಳೇ. ಇವತ್ತು ಮುಂಜಾನೆ ಬಟ್ಟಲು ತಂದು ನನ್ನ ಮುಂದೆ ಹಿಡಿದಳು.

“ನಂಬರ ನೋಡೇ ತರಿಸೀನಿ ಆಯಿ. ಆದ್ರ ಖಾತ್ರಿ ನಿನ್ನ ಬೊಟ್ಟ.”

“ನಾ ಹಚ್ಚಬಾರದವ್ವ. ನಿಮ್ಮ ಅವ್ವ ಹಚ್ಚಲಿ.”

“ಮಮ್ಮಿ ನೀರಾಗ ಕಲಸ್ತಾಳ. ನೀರಿಂದು ಫರಸಿಗೆ ಹತ್ತೂದಿಲ್ಲ. ಎಣ್ಣಿ ಕೈ ನಿಂದಽ ಬೇಕು.”

ಸೊಸೆ ಎಣ್ಣೆಯ ಗಿಂಡಿ ತಂದು ನನ್ನ ಪಕ್ಕದಲ್ಲಿಟ್ಟಳು. ನಾನು ಹೊಸ್ತಿಲು ದಾಟಿದೆ. ಕಲಸಿದೆ. ಗಾಲಿಗೆ ದೊಡ್ಡ ಬೊಟ್ಟು ಇಟ್ಟೆ. ಎಲ್ಲರೂ ಸೇರಿ ತಳ್ಳಿದರು. ಬೊಟ್ಟು ತುಳಸಿಯ ಹತ್ತಿರದ ಮಚ್ಚೆ ಮುಟ್ಟಿತು, ಗಾಲಿ ಉರುಳಿತು, ಗೇಟಿನ ಹತ್ತಿರ ಕೆಂಪು ಕೆಂಪಿನ ಮೇಲೆ ಕೂತಿತು. ಅಂಗಳವೆಲ್ಲ ಹೋ ಎಂದಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನಾನು. ಸಾಕ್ಷಿಗೆ ನೀವೇ ಇದ್ದಿರಿ.

ಇದನ್ನು ಬರೆಯುವಾಗಲೂ ಬೆರಳ ತುದಿಯ ಕೆಂಪು ಹೋಗಿಲ್ಲ. ಹಾಳೆಯ ಅಂಚಿಗೆ ಅಲ್ಲಲ್ಲಿ ಹತ್ತಿದೆ. ತಿಕ್ಕಬೇಡಿ.