ಸ್ಪೀಕರ್ ಇಲ್ಲದ ಅಂಗಡಿ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಮಜೀದಾಳ ಆನ್‌ಲೈನ್ ಸೆಂಟರ್ ಇದೆ. ಪಕ್ಕದ ಟೈಲರ್ ಅಂಗಡಿ ನನ್ನದು. ಅವಳ ಕಂಪ್ಯೂಟರಿಗೆ ಸ್ಪೀಕರ್ ಇಲ್ಲ. ಯಾರು ವಿಡಿಯೋ ತಂದರೂ ಮೊದಲು ಚಿತ್ರ ಬರಬೇಕು. ಇದೇನು ಹುಚ್ಚು ಎಂದು ಹೊಸಬರು ನಗುತ್ತಾರೆ. ಹಾಗೆ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಜೀದಾ ರೇಷ್ಮೆ ನೂಲು ಬಿಚ್ಚುವವರ ಮನೆಯ ಮಗಳು. ಚಿಕ್ಕಂದಿನಲ್ಲಿ ಬಿಸಿನೀರಿನಿಂದ ಗೂಡಿನ ಎಳೆ ಹಿಡಿದು ಹಿಡಿದು ಅವಳ ಬೆರಳ ತುದಿ ಇವತ್ತಿಗೂ ಸುಕ್ಕಾಗಿದೆ. ಗಂಡ ಬಿಟ್ಟುಹೋದ ಮೇಲೆ ಕಂಪ್ಯೂಟರ್ ಕಲಿತು ಅಂಗಡಿ ಹಾಕಿದಳು. ಬಾಯಿ ಜೋರು, ಕೈ ಇನ್ನೂ ಜೋರು. ಒಮ್ಮೆ ಮೈಮುಟ್ಟಲು ಬಂದವನ ತಲೆಗೆ ಕೀಬೋರ್ಡಿನಿಂದ ಬಾರಿಸಿ, ಉದುರಿದ ಕೀಗಳನ್ನು ಅವನ ಕೈಯಲ್ಲೇ ಆಯಿಸಿದ್ದಳು. ಸುತ್ತಲ ಹಳ್ಳಿಗಳಲ್ಲಿ ಅರ್ಧ ಜನಕ್ಕೆ ಸ್ವಂತ ಇಮೇಲ್ ಇಲ್ಲ. ಎಲ್ಲದಕ್ಕೂ ಮಜೀದಾಳ ಇಮೇಲನ್ನೇ ಕೊಡುತ್ತಾರೆ. ಆ ಕೊಲೆಯ ವಿಡಿಯೋ ಅವಳಿಗೆ ಬಂದದ್ದೂ ಹಾಗೆಯೇ.

ಕೂಟಗಲ್ ಹಳ್ಳಿಯಲ್ಲಿ ವೆಂಕಟಲಕ್ಷ್ಮಮ್ಮನವರನ್ನು ಮನೆಯಂಗಳದಲ್ಲೇ ಯಾರೋ ಮಚ್ಚಿನಿಂದ ಕೊಚ್ಚಿ ಕೊಂದಿದ್ದರು. ಹೆಣದ ಪಕ್ಕದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದವನು ಅವರ ತಂಗಿಯ ಮಗ ಅನಂತರಾಜು. ಬಲಗೈ ಮೊಣಕೈಯ ಕೆಳಗೆ ಸೀಳಿಹೋಗಿತ್ತು, ಮಚ್ಚು ಅವನ ಕಾಲ ಬಳಿ ಇತ್ತು. ತಾಯಿ ಸತ್ತ ಮೇಲೆ ದೊಡ್ಡವ್ವನ ಮನೆಯಲ್ಲೇ ಬೆಳೆದವನು, ಚನ್ನಪಟ್ಟಣಕ್ಕೆ ಹೋಗಿಬಂದು ಮರದ ಬೊಂಬೆ ಕಡೆಯುತ್ತಿದ್ದ. ಆಸ್ಪತ್ರೆಯಲ್ಲಿ ಅವನಿಗಿನ್ನೂ ಮಾತು ಬಂದಿರಲಿಲ್ಲ. ವೆಂಕಟಲಕ್ಷ್ಮಮ್ಮನವರ ಸ್ವಂತ ಮಗ ನಾಗರಾಜುವಿಗೆ ಅವನನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವ್ವ ತನಗಿಂತ ಅವನನ್ನೇ ಹೆಚ್ಚು ಹಚ್ಚಿಕೊಂಡಿದ್ದಾಳೆಂಬ ಹೊಟ್ಟೆಯುರಿ.

ಬೆಂಗಳೂರಿನಿಂದ ಎದುರು ಮನೆಗೆ ಬಂದಿದ್ದ ದಿವ್ಯ ಎಂಬ ಹುಡುಗಿ ಮಹಡಿಯ ಮೇಲಿನಿಂದ ಐಫೋನಿನಲ್ಲಿ ಎಲ್ಲವನ್ನೂ ಹಿಡಿದಿದ್ದಳು. ಹೆದರಿ ಊರು ಬಿಟ್ಟವಳು ಮರುದಿನ ವಿಡಿಯೋವನ್ನು ಆ ಮನೆಯವರು ಕೊಟ್ಟಿದ್ದ ಮಜೀದಾಳ ಇಮೇಲಿಗೆ ಕಳಿಸಿ, ‘ಎಲ್ಲ ಇದರಲ್ಲಿದೆ, ನನ್ನನ್ನು ಸಾಕ್ಷಿಗೆ ಎಳೆಯಬೇಡಿ’ ಎಂದು ಬರೆದು, ಫೋನ್ ಆಫ್ ಮಾಡಿಬಿಟ್ಟಳು.

ಮಜೀದಾ ಕರೆದದ್ದೇ ತಡ, ನಾಗರಾಜು ನಾಲ್ಕಾರು ಜನರನ್ನು ಕಟ್ಟಿಕೊಂಡು ಬೈಕಿನಲ್ಲಿ ಬಂದ. ಗಲಾಟೆ ಕೇಳಿ ನಾನೂ ಹೋಗಿ ನಿಂತೆ. ಅಟ್ಯಾಚ್‌ಮೆಂಟ್ ತೆರೆದರೆ ಪರದೆ ಕಪ್ಪು. ಐಫೋನ್ ವಿಡಿಯೋ ಕಟ್ಟುವ ರೀತಿಯೇ ಬೇರೆ; ಅವಳ ಹಳೆಯ ವಿಂಡೋಸಿಗೆ ಅದರ ಚಿತ್ರ ಬಿಡಿಸಲು ಬರಲಿಲ್ಲ, ಆಗಿನ್ನೂ ಇದ್ದ ಸ್ಪೀಕರಿನಲ್ಲಿ ದನಿ ಮಾತ್ರ ಬಂತು. ಎಲುಬಿಗೆ ಮಚ್ಚು ಬಿದ್ದ ಸದ್ದು ಕೇಳಿತು. ಆಮೇಲೆ ಆ ಹೆಂಗಸಿನ ಕೂಗು.

“ಅನಂತಾ! ಲೋ ಅನಂತಾ! ಅಯ್ಯೋ ಬುಡೋ, ಸಾಯ್ತೀನಿ ಬುಡೋ!”

“ಕೇಳುದ್ರೇನ್ಲಾ?” ನಾಗರಾಜು ಜೊತೆಯವರ ಕಡೆ ತಿರುಗಿದ. “ನಮ್ಮವ್ವನೇ ಅವನ ಹೆಸ್ರು ಹೇಳವ್ಳೆ!”

“ಒಸಿ ತಡ್ಕೊ ನಾಗರಾಜಣ್ಣ, ಬೇರೆ ಪ್ಲೇಯರ್ ಹಾಕ್ತೀನಿ, ಚಿತ್ರಾನೂ ಬತ್ತದೆ,” ಎಂದು ಮಜೀದಾ ಬಾಗಿಲಿಗೆ ಅಡ್ಡ ನಿಂತಳು.

“ಇನ್ನೇನ್ ನೋಡಾದು? ಅವನ ಇನ್ನೊಂದ್ ಕೈನೂ ಮುರೀದಿದ್ರೆ ನಾನು ನಮ್ಮವ್ವನ ಮಗನೇ ಅಲ್ಲ!”

ಅವನು ನೂಕಿದ ರಭಸಕ್ಕೆ ಅವಳ ಹಣೆ ಮೇಜಿನ ಅಂಚಿಗೆ ಬಡಿದು ಒಡೆಯಿತು. ಬೈಕುಗಳು ಹೋದವು. ಮಜೀದಾ ರಕ್ತ ಒರೆಸಿಕೊಳ್ಳದೆ ಬೇರೆ ಪ್ಲೇಯರ್ ಇಳಿಸತೊಡಗಿದಳು. ನೆಟ್ ಅವತ್ತೇ ತೆವಳಬೇಕೆ! ಕೊನೆಗೂ ಚಿತ್ರ ಬಂತು. ಮಚ್ಚು ಬೀಸುತ್ತಿದ್ದವನು ಪಕ್ಕದ ಹೊಲದವನು, ಬದುವಿನ ತಕರಾರಿನವನು. ಆಯಮ್ಮ ಅನಂತನನ್ನು ಕೂಗಿದ್ದು ಕಾಪಾಡಲು ಬಾ ಎಂದು; ‘ಬುಡೋ’ ಎಂದದ್ದು ಮಚ್ಚು ಹಿಡಿದವನಿಗೆ. ಒಳಗಿನಿಂದ ಓಡಿಬಂದವನು ಏಟಿಗೆ ಬರಿಗೈ ಒಡ್ಡಿದ, ಮಚ್ಚು ಕಿತ್ತುಕೊಂಡ, ಬಿದ್ದ. ಕೊಂದವನು ಬೇಲಿ ಹಾರಿ ಓಡಿದ.

ನಾಗರಾಜು ಫೋನ್ ಎತ್ತಲಿಲ್ಲ. ಪರದೆಯ ಮೇಲಿನದನ್ನೇ ತನ್ನ ಫೋನಿನಲ್ಲಿ ಹಿಡಿದುಕೊಂಡು ಮಜೀದಾ ಆಟೋ ಹತ್ತಿದಳು. ನಾನೂ ಹತ್ತಿದೆ.

ಆಸ್ಪತ್ರೆಯ ವಾರ್ಡಿನಲ್ಲಿ ಕಾವಲಿಗಿದ್ದ ಪೇದೆಯನ್ನು ಮೂವರು ಗೋಡೆಗೆ ಒತ್ತಿ ಹಿಡಿದಿದ್ದರು. ಅನಂತರಾಜುವನ್ನು ಮಂಚದಿಂದ ನೆಲಕ್ಕೆ ಎಳೆದು, ಗ್ಲೂಕೋಸ್ ತೂಗುಹಾಕುವ ಕಬ್ಬಿಣದ ಕಂಬಿಯಿಂದ ನಾಗರಾಜು ಅವನ ಎಡಗೈಯನ್ನು ಜಜ್ಜುತ್ತಿದ್ದ. ಬೆರಳುಗಳು ಯಾವುವೆಂದು ಗುರುತು ಸಿಗುತ್ತಿರಲಿಲ್ಲ. ಮಜೀದಾ ನಾಗರಾಜುವಿನ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಬಿಗಿದಳು, ಫೋನನ್ನು ಮುಖಕ್ಕೆ ಒತ್ತಿದಳು.

“ನೋಡೋ ಹರಾಮ್‌ಖೋರ್! ಕಣ್ ಬುಟ್ಟು ನೋಡೋ!”

ನೋಡಿದ. ಕಂಬಿ ಕೈಯಿಂದ ಜಾರಿತು. ಆಮೇಲೆ ತನ್ನ ತಲೆಯನ್ನೇ ನೆಲಕ್ಕೆ ಚಚ್ಚಿಕೊಳ್ಳತೊಡಗಿದ. ಚಚ್ಚಿಕೊಳ್ಳಲಿ ಎಂದು ನಾನು ಸುಮ್ಮನೆ ನಿಂತಿದ್ದೆ. ಇವತ್ತಿಗೂ ನನಗೆ ಅದರ ಬಗ್ಗೆ ಬೇಸರವಿಲ್ಲ.

ಕೊಂದವನು ಸಿಕ್ಕಿಬಿದ್ದ, ನಾಗರಾಜುವಿನ ಮೇಲೂ ಕೇಸಾಯಿತು. ಮಜೀದಾ ಅಂದೇ ಸ್ಪೀಕರಿನ ವೈರು ಕಿತ್ತು ಡ್ರಾಯರಿಗೆ ಎಸೆದಳು. ಬೊಂಬೆ ಕಡೆಯುವವನಿಗೆ ಎರಡು ಕೈಯೂ ಬೇಕು. ಅನಂತರಾಜುವಿಗೆ ಈಗ ಬಲಗೈ ಬೆರಳು ಮಡಚಲು ಬರುವುದಿಲ್ಲ, ಎಡಗೈಯಲ್ಲಿ ಚಮಚ ನಿಲ್ಲುವುದಿಲ್ಲ.

ಮೊನ್ನೆ ಅವನು ಅಂಗಡಿಗೆ ಬಂದ. ಬಾಗಿಲಲ್ಲೇ ನಿಂತು ಕೇಳಿದ.

“ಮಜೀದಕ್ಕ, ದೊಡ್ಡವ್ವನ ಫೋಟೋ ಮನೇಲಿ ಐತೆ. ದನಿ ಎಲ್ಲೂ ಇಲ್ಲ, ನಿನ್ತಾವ ಮಾತ್ರ ಐತೆ.”

“ಬ್ಯಾಡ ಕಣಪ್ಪ, ಅದನ್ನ ಕೇಳಬ್ಯಾಡ.”

“ಚಿತ್ರ ಬ್ಯಾಡ ಅಕ್ಕ. ದನಿ ಒಂದೇ ಹಾಕು.”

ಮಜೀದಾ ಡ್ರಾಯರಿನಿಂದ ಸ್ಪೀಕರ್ ತೆಗೆದು ವೈರು ಸಿಕ್ಕಿಸಿದಳು. ಪರದೆಯನ್ನು ಗೋಡೆಯ ಕಡೆ ತಿರುಗಿಸಿದಳು. ಪ್ಲೇ ಒತ್ತಿದಳು.

“ಅನಂತಾ! ಲೋ ಅನಂತಾ!”

ಅವನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

“ಬಂದೆ ಕಣವ್ವಾ,” ಎಂದ.