ವಾರಿಜಕ್ಕ ಮತ್ತು ಉಸಿರಾಡುವ ವೈರಸ್

ಡೆಂಗಿ ವೈರಸ್ಸಿನ ಬಗ್ಗೆ ಮಾತಾಡುವಾಗ ವಾರಿಜಕ್ಕ ದನಿ ತಗ್ಗಿಸುತ್ತಿದ್ದರು, ಪಕ್ಕದ ಕೋಣೆಯಲ್ಲಿ ಅದು ಮಲಗಿದೆಯೋ ಎಂಬಂತೆ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬೋರಲು ಹಾಕಿ ಪಕ್ಕಪಕ್ಕ ಜೋಡಿಸುವರು. "ಅದರ ಹೊರಮೈಯ ಪ್ರೋಟೀನು ಹೀಗೆ ಜೋಡಿ ಜೋಡಿಯಾಗಿ ಮಲಗಿರ್ತದೆ. ಸಾಧು ಕಾಣ್ತದಲ್ಲ? ನಮ್ಮ ಜೀವಕೋಶದೊಳಗಿನ ಹುಳಿ ತಾಗಿದ್ದೇ ತಡ, ಎದ್ದು ನಿಂತು ಚುಚ್ತದೆ." ಆ ಬೆರಳುಗಳು ಸೆಟೆದು ನಿಂತಾಗ ನನ್ನ ಮೈ ಜುಮ್ಮೆನ್ನುತ್ತಿತ್ತು.

ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ಹೊಸತು. ಕಂಪ್ಯೂಟರ್ ಪರದೆಯ ಮೇಲೆ ಆ ವೈರಸ್ಸಿನ ನುಣುಪಾದ ಗೋಳ ನೋಡಿ "ಎಷ್ಟು ಚಂದ ಇದೆ ಅಕ್ಕಾ" ಎಂದಿದ್ದೆ.

"ಹೆಪ್ಪುಗಟ್ಟಿಸಿ ತೆಗೆದ ಫೋಟೋ ಮಾರಾಯ್ತಿ. ಮೈಬಿಸಿಯಲ್ಲಿ ಅದು ಅಲುಗಾಡ್ತದೆ, ಸಂದು ಬಿಡ್ತದೆ, ಉಸಿರಾಡ್ತದೆ."

'ಉಸಿರಾಡ್ತದೆ' ಅಂದದ್ದು ಅವರೇ ತಾನೇ? ಆಮೇಲೆ ಎಲ್ಲೋ ಓದಿ ನಾನೇ ಅವರ ಬಾಯಿಗೆ ಹಾಕಿದೆನೋ, ಖಾತ್ರಿಯಿಲ್ಲ.

ಕುರ್ಲಾದ ಚಾಳಿನಲ್ಲಿದ್ದಾಗ ಅವರಿಗೆ ಒಮ್ಮೆ ಡೆಂಗಿ ಬಂದಿತ್ತು. ಬಂದುಹೋಯ್ತಲ್ಲ, ಇನ್ನೇನು ಭಯ ಎಂದರೆ ಸಿಡುಕುವರು. "ನಾಲ್ಕು ಬಗೆ ಉಂಟು. ಮೈಗೆ ಹಳೆಯದರ ಗುರುತು ಮಾತ್ರ. ಬೇರೆ ಬಗೆಯದ್ದು ಬಂದ್ರೆ, ನಮ್ಮ ಬಿಲ್ಡಿಂಗಿನ ವಾಚ್‌ಮನ್ ಹಾಗೆ, ಪರಿಚಯದ ಮುಖ ಅಂತ ತಾನೇ ಕೈಹಿಡಿದು ಒಳಗೆ ಬಿಡ್ತದೆ." ಆಮೇಲೆ ಬಂದ ಜೋಗೇಶ್ವರಿಯ ಮನೆಯಲ್ಲಿ, ನೀರು ನಿಂತು ಸೊಳ್ಳೆ ಹುಟ್ಟೀತೆಂದು ಹೂಕುಂಡವನ್ನೂ ಇಡದ ಅವರನ್ನು ನೆರೆಯವರು 'ಮಚ್ಛರ್ ಮೇಡಂ' ಎನ್ನುತ್ತಿದ್ದರು.

ಆ ಮಳೆಗಾಲ ಅವರಿಗೆ ಎರಡನೆಯ ಡೆಂಗಿ ಬಂದೇ ಬಂತು. ನಾನು ಆಸ್ಪತ್ರೆಗೆ ಹೋದಾಗ ಅವರ ಅಣ್ಣ ಜಯಣ್ಣ, ಗ್ರಾಂಟ್ ರೋಡಿನ ಹೋಟೆಲೊಂದರ ಮ್ಯಾನೇಜರ್, ಇಡ್ಲಿ ಪಾರ್ಸೆಲ್ ಬಿಚ್ಚುತ್ತಿದ್ದ.

"ಜ್ವರ ಬಿಟ್ಟಿತು. ಟೆನ್ಶನ್ ಖತಂ!"

ವಾರಿಜಕ್ಕನ ಮುಖ ಬಿಳಿಚಿತು. "ಬಿಟ್ಟದ್ದು ಜ್ವರ ಅಣ್ಣಾ, ಕಾಯಿಲೆ ಅಲ್ಲ. ಇದರಲ್ಲಿ ಜ್ವರ ಇಳಿದ ಮೇಲೆಯೇ ಹೆದರ್ಬೇಕು, ಬಿ.ಪಿ. ಬಿದ್ದು ಕೈಕಾಲು ತಣ್ಣಗಾಗ್ತದೆ."

"ಇವಳಿಗೆ ಓದಿದ್ದು ಜಾಸ್ತಿಯಾಯ್ತು ನೋಡಿ," ಎಂದು ಜಯಣ್ಣ ನನ್ನತ್ತ ತಿರುಗಿ ನಕ್ಕ.

ಅವರು ನಗಲಿಲ್ಲ. "ನನ್ನ ಪಾದ ಮುಟ್ಟಿ ನೋಡು. ತಣ್ಣಗುಂಟಾ?"

ಮುಟ್ಟಿದೆ. ಒದ್ದೆ ಕಲ್ಲು ಮುಟ್ಟಿದಂತಾಯಿತು. ತಲೆಯೆತ್ತಿ ಅವರ ಮುಖ ನೋಡಿದೆ.

"ಹೇಳೋದು ಬೇಡ. ಓಡು."

ನರ್ಸನ್ನು ಕರೆಯಲು ಓಡಿದೆ. ಡಾಕ್ಟರೂ ಬಂದರು, ಸಲೈನು ಏರಿತು, ಐಸಿಯುಗೆ ಒಯ್ದರು. ಮರುದಿನ ಬೆಳಿಗ್ಗೆ ವಾರಿಜಕ್ಕ ತೀರಿಕೊಂಡರು.

ಅಂದು ಓಡಿದ ಕಾರಿಡಾರು ಮುಗಿಯದಷ್ಟು ಉದ್ದವಿತ್ತು ಎಂದೇ ನನ್ನ ನೆನಪು. ಮೊನ್ನೆ ಬೇರೆ ಯಾರನ್ನೋ ನೋಡಲು ಅಲ್ಲಿಗೆ ಹೋಗಿದ್ದೆ. ವಾರಿಜಕ್ಕ ಇದ್ದ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದರೆ ಸಾಕು, ನರ್ಸಿಗೆ ಕೇಳಿಸುತ್ತದೆ.